ಸಮುದ್ರ ತಳದ ಮ್ಯಾಪಿಂಗ್ ಮತ್ತು ದೇಶ ದೇಶಗಳ ಜಂಟಿ ಸಂಶೋಧನೆ: ಪದೇ ಪದೇ ಕೇಳೋ ಪ್ರಶ್ನೆಗಳು

ಗೂಗಲ್ ಅರ್ಥ್‌ನಲ್ಲಿ ಸಮುದ್ರದ ಕೆಳಗಿನ ಬೆಟ್ಟ ಕಣಿವೆ ಎಲ್ಲಾ ಕಾಣುತ್ತಲ್ಲಾ, ಇನ್ನೇನು ಮ್ಯಾಪ್ ಮಾಡೋದು ಬಾಕಿ ಇದೆ?

ಕಾಣೋದು ನಿಜ, ಆದ್ರೆ ಅದರಲ್ಲಿ ಬಹುಪಾಲು ಅಳತೆ ಮಾಡಿದ್ದಲ್ಲ, ಅಂದಾಜು. ಸಮುದ್ರದ ತಳದಲ್ಲಿ ದೊಡ್ಡ ಬೆಟ್ಟ ಇದ್ರೆ ಅದರ ಗುರುತ್ವಾಕರ್ಷಣೆ ಸುತ್ತಲಿನ ನೀರನ್ನ ಚೂರು ತನ್ನ ಕಡೆ ಎಳ್ಕೊಳ್ಳುತ್ತೆ, ಹಾಗಾಗಿ ಮೇಲೆ ನೀರು ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತೆ, ಸ್ಯಾಟಲೈಟ್ ಆ ಉಬ್ಬನ್ನ ರೇಡಾರ್‌ನಲ್ಲಿ ಅಳೆದು ಕೊಟ್ರೆ ಇಲ್ಲಿ ಕೂತ್ಕೊಂಡು ಕೆಳಗೆ ಇಂಥಾ ಆಕಾರ ಇರಬಹುದು ಅಂತ ಲೆಕ್ಕ ಹಾಕ್ತಾರೆ. ವಾಲ್ಟರ್ ಸ್ಮಿತ್ ಮತ್ತು ಡೇವಿಡ್ ಸ್ಯಾಂಡ್‌ವೆಲ್ 1997ರಲ್ಲಿ ಈ ವಿಧಾನದಲ್ಲೇ ಜಗತ್ತಿನ ಸಾಗರಗಳ ಮ್ಯಾಪ್ ಕೊಟ್ಟಿದ್ದು. ಅದ್ಭುತ ಕೆಲಸ, ಎರಡು ಮಾತಿಲ್ಲ, ಆದ್ರೆ ಕೆಲವು ಕಿಲೋಮೀಟರ್‌ಗಿಂತ ಚಿಕ್ಕದು ಯಾವುದೂ ಅದರಲ್ಲಿ ಸಿಗಲ್ಲ. 2022ರ ಡಿಸೆಂಬರ್‌ನಲ್ಲಿ ನಾಸಾ ಮತ್ತು ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಸೇರಿ ಹಾರಿಸಿದ ಸ್ವಾಟ್ ಸ್ಯಾಟಲೈಟ್ ಇನ್ನೂ ಚೆನ್ನಾಗಿ ತೋರಿಸ್ತಿದೆ, ಆದ್ರೂ ಅದು ಕೂಡ ಅಂದಾಜೇ.

2009ರಲ್ಲಿ ಗೂಗಲ್ ಅರ್ಥ್‌ನಲ್ಲಿ ಅಟ್ಲಾಂಟಿಕ್ ತಳದಲ್ಲಿ ನೇರ ನೇರ ಗೆರೆಗಳು ಕಂಡು, ಮುಳುಗಿದ ಅಟ್ಲಾಂಟಿಸ್ ನಗರ ಸಿಕ್ತು ಅಂತ ಜನ ಕುಣಿದಾಡಿದ್ರು ನೆನಪಿದೆಯಾ? ಅದು ನಗರದ ರಸ್ತೆ ಅಲ್ಲ, ಸರ್ವೆ ಹಡಗು ಹೋದ ದಾರಿ. ಹಡಗು ಹೋದಲ್ಲಿ ನಿಜವಾದ ಅಳತೆ, ಅಕ್ಕಪಕ್ಕ ಅಂದಾಜು, ಎರಡನ್ನ ಜೋಡಿಸಿದಾಗ ಹೊಲಿಗೆ ಎದ್ದು ಕಂಡಿತ್ತು ಅಷ್ಟೇ.

ಹಾಗಾದ್ರೆ ನಿಜವಾಗ್ಲೂ ಅಳೆದಿರೋದು ಎಷ್ಟು?

2025ರ ಜೂನ್ ಲೆಕ್ಕದಲ್ಲಿ ಶೇಕಡಾ 27.3. 2017ರಲ್ಲಿ ಇದು ಶೇಕಡಾ 6ರ ಆಸುಪಾಸಿತ್ತು. ಸಾಗರಗಳ ಒಟ್ಟು ವಿಸ್ತೀರ್ಣ ಸುಮಾರು 36 ಕೋಟಿ ಚದರ ಕಿಲೋಮೀಟರ್, ಉಳಿದಿರೋದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ, ಬಹಳ ಜನಕ್ಕೆ ಇದು ಗೊತ್ತಿರಲ್ಲ. 6ರಿಂದ 27ಕ್ಕೆ ಏರಿದ್ದು ಪೂರ್ತಿ ಹೊಸ ಸರ್ವೆಯಿಂದ ಅಲ್ಲ, ಅದರಲ್ಲಿ ದೊಡ್ಡ ಪಾಲು ಯಾವತ್ತೋ ಅಳೆದು ಯಾವುದೋ ಇಲಾಖೆಯ, ಕಂಪನಿಯ, ಯೂನಿವರ್ಸಿಟಿಯ ಹಾರ್ಡ್ ಡಿಸ್ಕ್‌ನಲ್ಲಿ ಬಿದ್ದಿದ್ದ ಡೇಟಾ, ಕೇಳಿ ಕೇಳಿ ಹೊರಗೆ ತಂದಿದ್ದು. ಅಂದ್ರೆ ಈ ಕೆಲಸದಲ್ಲಿ ಅರ್ಧ ಹಡಗಿನದ್ದಾದ್ರೆ ಇನ್ನರ್ಧ ಮನವೊಲಿಸೋದು.

ಚಂದ್ರ, ಮಂಗಳದ ಮ್ಯಾಪ್ ಇದಕ್ಕಿಂತ ಚೆನ್ನಾಗಿದೆ ಅಂತಾರಲ್ಲ, ಅದು ಹೇಗೆ ಸಾಧ್ಯ?

ಮಧ್ಯೆ ನೀರಿಲ್ಲ, ಅದಕ್ಕೆ. ಬೆಳಕು, ರೇಡಿಯೋ ಅಲೆ ಯಾವುದೂ ನೀರಲ್ಲಿ ಹೆಚ್ಚು ದೂರ ಹೋಗಲ್ಲ, ಹೋಗೋದು ಶಬ್ದ ಒಂದೇ. ಶಬ್ದದಿಂದ ಆಳ ಅಳೆಯೋಕೆ ಬರದ ಕಾಲದಲ್ಲಿ ಹಗ್ಗಕ್ಕೆ ಭಾರ ಕಟ್ಟಿ ಇಳಿಸ್ತಿದ್ರು. 1872ರಿಂದ 1876ರವರೆಗೆ ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗು 1875ರ ಮಾರ್ಚ್‌ನಲ್ಲಿ ಮರಿಯಾನಾ ಕಂದಕದ ಹತ್ರ ಹೀಗೇ 4,475 ಫ್ಯಾದಮ್, ಅಂದ್ರೆ 8 ಸಾವಿರ ಮೀಟರ್‌ಗಿಂತ ಹೆಚ್ಚು ಆಳ ಅಳೆದಿತ್ತು. ಒಂದು ಚುಕ್ಕಿ ಅಳೆಯೋಕೆ ಗಂಟೆಗಟ್ಟಲೆ. ಆಮೇಲೆ ಎಕೋ ಸೌಂಡರ್ ಬಂತು, ಅಂದ್ರೆ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಬರೋಕೆ ಹಿಡಿದ ಹೊತ್ತಿಂದ ಆಳ ಲೆಕ್ಕ ಹಾಕೋ ಉಪಕರಣ, ಜರ್ಮನಿಯ ಮೆಟಿಯೋರ್ ಹಡಗು 1925ರಿಂದ 27ರ ಒಳಗೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಸುಮಾರು 67 ಸಾವಿರ ಕಡೆ ಆಳ ಅಳೀತು.

ಈಗಿನದು ಮಲ್ಟಿಬೀಮ್. ಹಡಗಿನ ಅಡಿಯಿಂದ ಬೀಸಣಿಗೆ ಥರ ಅಗಲವಾಗಿ ನೂರಾರು ಶಬ್ದದ ಕಿರಣ ಒಟ್ಟಿಗೆ ಬಿಡುತ್ತೆ, ಆಳದ ಮೂರ್ನಾಲ್ಕು ಪಟ್ಟು ಅಗಲದ ಪಟ್ಟಿ ಒಂದೇ ಸಲಕ್ಕೆ ಸಿಗುತ್ತೆ. ಕೇಳೋಕೆ ಸಲೀಸು, ಆದ್ರೆ ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, 4000 ಮೀಟರ್ ಆಳಕ್ಕೆ ಹೋಗಿ ವಾಪಸ್ ಬರೋಕೆ 5 ಸೆಕೆಂಡ್ ಮೇಲೇ ಬೇಕು, ಅಷ್ಟರಲ್ಲಿ ಹಡಗು ಮುಂದೆ ಹೋಗಿರುತ್ತೆ, ಓಲಾಡಿರುತ್ತೆ, ಅದನ್ನೆಲ್ಲ ಸರಿಪಡಿಸಬೇಕು. ಜೊತೆಗೆ ಶಬ್ದದ ವೇಗ ಎಲ್ಲಾ ಕಡೆ ಒಂದೇ ಇರಲ್ಲ, ಉಷ್ಣತೆ, ಉಪ್ಪಿನಂಶ, ಒತ್ತಡ ಬದಲಾದ ಹಾಗೆ ಅದೂ ಬದಲಾಗುತ್ತೆ, ಹಾಗಾಗಿ ಸರ್ವೆ ನಡುವೆ ಆಗಾಗ ಉಪಕರಣ ಇಳಿಸಿ ನೀರಿನ ಪದರಗಳನ್ನ ಅಳೀಬೇಕು, ಇಲ್ಲದಿದ್ರೆ ಸಪಾಟಾಗಿರೋ ತಳ ಕೂಡ ಅಂಚಲ್ಲಿ ಬಾಗಿದ ಹಾಗೆ ಬರುತ್ತೆ.

ದುಡ್ಡಿರೋ ಒಂದು ದೇಶ ಮನಸ್ಸು ಮಾಡಿದ್ರೆ ಮುಗಿಸಬಹುದಲ್ವಾ? ಎಲ್ಲರೂ ಯಾಕೆ ಸೇರಬೇಕು?

ದುಡ್ಡಿನ ಲೆಕ್ಕ ಮೊದಲು ನೋಡಿ. ಪೂರ್ತಿ ತಳಕ್ಕೆ 300ರಿಂದ 500 ಕೋಟಿ ಡಾಲರ್ ಬೇಕಾಗಬಹುದು ಅನ್ನೋದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಹೇಳೋ ಅಂದಾಜು, ದೊಡ್ಡ ಬಾಹ್ಯಾಕಾಶ ಯೋಜನೆಗಳ ಪಕ್ಕ ಇಟ್ರೆ ಇದು ಭಾರಿ ಮೊತ್ತ ಏನಲ್ಲ. ಒಂದೇ ಹಡಗಾದ್ರೆ ನೂರಾರು ವರ್ಷ ಬೇಕು, ಹತ್ತಾರು ಹಡಗಾದ್ರೆ ಬೇಗ ಆಗುತ್ತೆ, ಅದೂ ಸರಿ. ತೊಡಕು ಇರೋದು ಬೇರೆ ಕಡೆ: ದಡದಿಂದ 200 ನಾಟಿಕಲ್ ಮೈಲಿ, ಅಂದ್ರೆ ಸುಮಾರು 370 ಕಿಲೋಮೀಟರ್‌ವರೆಗೆ ಆಯಾ ದೇಶದ ವಿಶೇಷ ಆರ್ಥಿಕ ವಲಯ, ಅಲ್ಲಿನ ಮೀನು, ಖನಿಜದ ಹಕ್ಕು ಆ ದೇಶಕ್ಕೇ. ಅಲ್ಲಿ ಬೇರೆಯವರು ಸಂಶೋಧನೆ ಮಾಡ್ಬೇಕಂದ್ರೆ ಪರ್ಮಿಷನ್ ಬೇಕು. ಎಷ್ಟೇ ದುಡ್ಡಿದ್ರೂ ಪಕ್ಕದ ದೇಶದ ಸಮುದ್ರವನ್ನ ಅದರ ಒಪ್ಪಿಗೆ ಇಲ್ಲದೆ ಅಳೆಯೋಕಾಗಲ್ಲ.

ಇದನ್ನೆಲ್ಲ ನಡೆಸೋರು ಯಾರು?

ಶುರು ಮಾಡಿದ್ದು ಮೊನಾಕೋದ ರಾಜ ಒಂದನೇ ಆಲ್ಬರ್ಟ್. ಸಮುದ್ರದ ಹುಚ್ಚು ಹಿಡಿಸ್ಕೊಂಡಿದ್ದ ಮನುಷ್ಯ, 1903ರಲ್ಲಿ ತಜ್ಞರನ್ನ ಕೂರಿಸಿ ಜಗತ್ತಿನ ಎಲ್ಲಾ ಸಾಗರಗಳ ಆಳದ ನಕ್ಷೆ ಶುರು ಮಾಡಿಸಿದ, ಅದೇ ಇವತ್ತಿನ ಜೆಬ್ಕೋ. ಈಗ ಅದು ಎರಡು ಸಂಸ್ಥೆಗಳ ಆಶ್ರಯದಲ್ಲಿದೆ: 1921ರಲ್ಲಿ ಮೊನಾಕೋದಲ್ಲೇ ಶುರುವಾದ ಅಂತಾರಾಷ್ಟ್ರೀಯ ಹೈಡ್ರೋಗ್ರಾಫಿಕ್ (ಅಂದ್ರೆ ಸಮುದ್ರ ಸರ್ವೆಯ) ಸಂಸ್ಥೆ (ಐಎಚ್‌ಒ), ಮತ್ತು 1960ರಲ್ಲಿ ಯುನೆಸ್ಕೋ ಒಳಗೆ ಹುಟ್ಟಿದ ಅಂತರ್ ಸರ್ಕಾರಿ ಸಾಗರ ವಿಜ್ಞಾನ ಆಯೋಗ (ಐಒಸಿ).

2017ರಲ್ಲಿ ಜಪಾನಿನ ನಿಪ್ಪಾನ್ ಫೌಂಡೇಷನ್ ಜೆಬ್ಕೋ ಜೊತೆ ಸೇರಿ ಸೀಬೆಡ್ 2030 ಅನ್ನೋ ಯೋಜನೆ ಹಾಕ್ತು, ಹೆಸರಲ್ಲೇ ಗಡುವು ಇದೆ. ಸಾಗರಗಳನ್ನ ಹಂಚ್ಕೊಂಡಿದ್ದಾರೆ: ದಕ್ಷಿಣ ಧ್ರುವದ ಸುತ್ತಲಿನದು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಗೆ, ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರ ಅಮೆರಿಕದ ಲಾಮಾಂಟ್ ಡೋಹರ್ಟಿ ಸಂಶೋಧನಾ ಸಂಸ್ಥೆಗೆ, ದಕ್ಷಿಣ ಮತ್ತು ಪಶ್ಚಿಮ ಪೆಸಿಫಿಕ್ ನ್ಯೂಜಿಲೆಂಡ್‌ಗೆ, ಆರ್ಕ್ಟಿಕ್ ಮತ್ತು ಉತ್ತರ ಪೆಸಿಫಿಕ್ ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟಿಗಳಿಗೆ. ಎಲ್ಲಾ ಸೇರಿಸಿ ಒಂದೇ ಗ್ರಿಡ್ (ಚೌಕಕ್ಕೊಂದು ಆಳ ಬರೆದಿರೋ ನಕ್ಷೆ) ಮಾಡೋದು ಬ್ರಿಟನ್ನಿನಲ್ಲಿ. ಮೂಲ ಡೇಟಾ ಇಡೋ ಗೋದಾಮು ಅಮೆರಿಕದ ಕೊಲರಾಡೋ ರಾಜ್ಯದ ಬೌಲ್ಡರ್‌ನಲ್ಲಿದೆ, ಸಮುದ್ರವೇ ಇಲ್ಲದ ರಾಜ್ಯ ಅದು!

ಬೇರೆ ದೇಶದ ನೀರಲ್ಲಿ ಸಂಶೋಧನೆ ಮಾಡೋಕೆ ಪ್ರೊಸೀಜರ್ ಏನು?

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ, 1994ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕನಿಷ್ಠ 6 ತಿಂಗಳು ಮುಂಚೆ ಯಾವ ಹಡಗು, ಏನು ಉಪಕರಣ, ಎಲ್ಲಿ, ಯಾವಾಗ, ಯಾತಕ್ಕೆ ಅಂತ ಪೂರ್ತಿ ವಿವರ ಕೊಡಬೇಕು. ಕರಾವಳಿ ದೇಶಕ್ಕೆ ತನ್ನ ವಿಜ್ಞಾನಿಗಳನ್ನ ಹಡಗಿಗೆ ಹತ್ತಿಸೋ ಹಕ್ಕಿದೆ, ಡೇಟಾ ಮತ್ತು ಸ್ಯಾಂಪಲ್ ಕೇಳೋ ಹಕ್ಕಿದೆ. ಶುದ್ಧ ವಿಜ್ಞಾನಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಕೊಡಬೇಕು ಅಂತ ಒಪ್ಪಂದವೇ ಹೇಳುತ್ತೆ, ಆದ್ರೆ ತೈಲ, ಖನಿಜಕ್ಕೆ ನೇರ ಸಂಬಂಧ ಇದ್ರೆ ಬೇಡ ಅನ್ನೋ ಅಧಿಕಾರವನ್ನೂ ಕೊಟ್ಟಿದೆ. ತಳದ ಮ್ಯಾಪ್ ಅಂದ್ಮೇಲೆ ಅದು ಖನಿಜಕ್ಕೆ ಸಂಬಂಧ ಇಲ್ಲ ಅಂತ ಯಾರನ್ನ ನಂಬಿಸ್ತೀರಾ? ಅಲ್ಲೇ ಫೈಲ್ ನಿಲ್ಲೋದು.

ಅಮೆರಿಕ ಇವತ್ತಿಗೂ ಈ ಒಪ್ಪಂದಕ್ಕೆ ಸೇರಿಲ್ಲ, ಆದ್ರೂ ಬಹುಪಾಲು ನಿಯಮ ಪಾಲಿಸ್ತೀವಿ ಅನ್ನುತ್ತೆ.

ಆಳ ಎಷ್ಟು ಅನ್ನೋದರಲ್ಲಿ ಮುಚ್ಚಿಡೋಕೆ ಏನಿದೆ?

ಸಬ್‌ಮರೀನ್. ತಳದ ಏರಿಳಿತ ಗೊತ್ತಿದ್ರೆ ಎಲ್ಲಿ ಅಡಗಬಹುದು, ಶಬ್ದ ಹೇಗೆ ಸಾಗುತ್ತೆ, ಕೇಬಲ್ ಎಲ್ಲಿದೆ ಎಲ್ಲಾ ಗೊತ್ತಾಗುತ್ತೆ, ಹಾಗಾಗಿ ನೌಕಾಪಡೆಗಳು ವಿವರವಾದ ಡೇಟಾ ಬಿಟ್ಕೊಡಲ್ಲ. ಮುಚ್ಚಿಟ್ರೆ ಮಾತ್ರ ಸೇಫ್ ಅಂತಾನೂ ಅಲ್ಲ. 2005ರ ಜನವರಿಯಲ್ಲಿ ಅಮೆರಿಕದ ಪರಮಾಣು ಸಬ್‌ಮರೀನ್ ಸ್ಯಾನ್ ಫ್ರಾನ್ಸಿಸ್ಕೋ, ಗುವಾಮ್ ದ್ವೀಪದ ಆಗ್ನೇಯಕ್ಕೆ ಫುಲ್ ಸ್ಪೀಡಲ್ಲಿ ಹೋಗ್ತಾ ನೀರೊಳಗಿನ ಬೆಟ್ಟಕ್ಕೆ ಗುದ್ದಿ ಒಬ್ಬ ನಾವಿಕ ಸತ್ತ, ಹತ್ತಾರು ಜನಕ್ಕೆ ಗಾಯ. ಅವರು ಬಳಸ್ತಿದ್ದ ಚಾರ್ಟ್‌ನಲ್ಲಿ ಆ ಬೆಟ್ಟ ಇರಲಿಲ್ಲ.

ನನ್ನ ಪ್ರಕಾರ ಇಲ್ಲೊಂದು ಮಧ್ಯದ ದಾರಿ ಇದೆ. ಸೀಬೆಡ್ 2030 ಕೇಳೋ ರೆಸಲ್ಯೂಷನ್ ಅಂಥಾ ಸೂಕ್ಷ್ಮ ಏನಲ್ಲ: 1500 ಮೀಟರ್ ಆಳದವರೆಗೆ 100 ಮೀಟರ್‌ಗೊಂದು ಚೌಕ, 3000ವರೆಗೆ 200 ಮೀಟರ್, ಅದಕ್ಕಿಂತ ಕೆಳಗೆ 400, ತೀರಾ ಆಳದ ಕಂದಕಗಳಲ್ಲಿ 800. ಸೂಕ್ಷ್ಮ ಡೇಟಾ ನೀವೇ ಇಟ್ಕೊಳ್ಳಿ, ಒರಟು ಮಾಡಿದ್ದನ್ನ ಕೊಡಿ ಅಂತ ಕೇಳಬಹುದು, ಕೇಳ್ತಾನೂ ಇದ್ದಾರೆ. ಅಷ್ಟನ್ನೂ ಕೊಡದೆ ಕೂತಿರೋ ದೇಶಗಳ ವಾದ ನನಗಂತೂ ಪೂರ್ತಿ ಒಪ್ಪಿಗೆ ಆಗಲ್ಲ.

ಸಂಶೋಧನಾ ಹಡಗು ಅಂತ ಹೇಳ್ಕೊಂಡು ಬೇಹುಗಾರಿಕೆ ಮಾಡ್ತಾರಂತೆ, ನಿಜಾನಾ?

ಅನುಮಾನ ಇರೋದಂತೂ ನಿಜ, ಮತ್ತು ಒಂದೇ ಉಪಕರಣ ಎರಡಕ್ಕೂ ಬಳಸಬಹುದು ಅನ್ನೋದೂ ನಿಜ. 2009ರ ಮಾರ್ಚ್‌ನಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಅಮೆರಿಕದ ಇಂಪೆಕಬಲ್ ಅನ್ನೋ ನಿಗಾ ಹಡಗಿಗೆ ಚೀನಾದ ದೋಣಿಗಳು ಅಡ್ಡ ಬಂದ್ವು. ಚೀನಾ ಹೇಳೋದು ನಮ್ಮ ಆರ್ಥಿಕ ವಲಯದಲ್ಲಿ ಇಂಥದ್ದಕ್ಕೆಲ್ಲ ಒಪ್ಪಿಗೆ ಬೇಕು ಅಂತ, ಅಮೆರಿಕ ಹೇಳೋದು ಮಿಲಿಟರಿ ಸರ್ವೆ ಅನ್ನೋದು ವಿಜ್ಞಾನ ಸಂಶೋಧನೆ ಅಲ್ಲ, ಹಾಗಾಗಿ ಒಪ್ಪಿಗೆ ಬೇಕಿಲ್ಲ ಅಂತ. ಒಪ್ಪಂದದಲ್ಲಿ ಸಂಶೋಧನೆ ಅಂದ್ರೆ ಏನು ಅನ್ನೋ ವ್ಯಾಖ್ಯಾನವೇ ಇಲ್ಲ, ಹಾಗಾಗಿ ಈ ಜಗಳ ಮುಗಿಯಲ್ಲ. ಚೀನಾದ ಹಡಗುಗಳು ಬಂದು ನಿಲ್ಲೋದಕ್ಕೆ ಭಾರತದಿಂದ ಆಕ್ಷೇಪ ಬಂದ ಮೇಲೆ ಶ್ರೀಲಂಕಾ 2024ರಲ್ಲಿ ವಿದೇಶಿ ಸಂಶೋಧನಾ ಹಡಗುಗಳಿಗೇ ಒಂದು ವರ್ಷ ತಡೆ ಹಾಕ್ತು. ಅಂಥಾ ತಡೆ ಬಂದ್ರೆ ಬೇಹುಗಾರರ ಜೊತೆ ನಿಜವಾದ ವಿಜ್ಞಾನಿಗಳೂ ಹೊರಗೆ ಉಳೀತಾರೆ.

ಯಾರಿಗೂ ಸೇರದ ಸಮುದ್ರದಲ್ಲಿ ಏನು ಬೇಕಾದ್ರೂ ಮಾಡಬಹುದಾ?

ಮ್ಯಾಪಿಂಗ್ ಮತ್ತು ಸಂಶೋಧನೆ ಮಾಡಬಹುದು, ಅದು ಎಲ್ಲರ ಸ್ವಾತಂತ್ರ್ಯ. ಖನಿಜ ತೆಗೆಯೋದು ಹಾಗಲ್ಲ, ಅದಕ್ಕೆ ಜಮೈಕಾದ ಕಿಂಗ್‌ಸ್ಟನ್‌ನಲ್ಲಿರೋ ಅಂತಾರಾಷ್ಟ್ರೀಯ ಸೀಬೆಡ್ ಪ್ರಾಧಿಕಾರದ ಜೊತೆ ಒಪ್ಪಂದ ಆಗಬೇಕು. ಜೀವವೈವಿಧ್ಯದ ವಿಷಯಕ್ಕೆ 2023ರಲ್ಲಿ ಹೊಸ ಒಪ್ಪಂದ ಆಗಿದೆ, 60 ದೇಶಗಳ ಅನುಮೋದನೆ ಸಿಕ್ಕ ಮೇಲೆ 2026ರ ಜನವರಿಯಲ್ಲಿ ಜಾರಿಗೆ ಬಂತು.

ಮ್ಯಾಪ್ ಮಾಡಿದ್ರೆ ಗಣಿಗಾರಿಕೆಗೆ ದಾರಿ ಮಾಡಿಕೊಟ್ಟ ಹಾಗಲ್ವಾ?

ಈ ಭಯ ಸುಳ್ಳಲ್ಲ. 4000ರಿಂದ 6000 ಮೀಟರ್ ಆಳದಲ್ಲಿ ಬಿದ್ದಿರೋ ಲೋಹದ ಗಂಟುಗಳು, ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯೋವು, ಅವುಗಳ ಮೇಲೆ ಬಹಳ ಕಣ್ಣಿದೆ. ಆದ್ರೆ ಗಣಿ ಕಂಪನಿಗಳು ತಮಗೆ ಬೇಕಾದ ಜಾಗವನ್ನ ಹೇಗಿದ್ರೂ ತಮ್ಮ ದುಡ್ಡಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೀತಾವೆ. ಸಾರ್ವಜನಿಕ ಮ್ಯಾಪ್ ಇಲ್ಲದಿದ್ರೆ ನಷ್ಟ ಆಗೋದು ಅದನ್ನ ಪ್ರಶ್ನೆ ಮಾಡೋರಿಗೆ, ಎಲ್ಲಿ ಹವಳ ಇದೆ ಎಲ್ಲಿ ಸೀಮೌಂಟ್ (ನೀರೊಳಗಿನ ಬೆಟ್ಟ) ಇದೆ ಅಂತ ತೋರಿಸೋಕೆ ಅವರ ಕೈಲಿ ಏನೂ ಇರಲ್ಲ.

ಜಗಳ ಬಿಡಿ, ಸಹಕಾರ ನಿಜವಾಗ್ಲೂ ವರ್ಕೌಟ್ ಆದ ಉದಾಹರಣೆ ಇದೆಯಾ?

ಬೇಕಾದಷ್ಟಿದೆ. ಶೀತಲ ಸಮರದ ಮಧ್ಯದಲ್ಲಿ, 1959ರಿಂದ 1965ರವರೆಗೆ, ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನ ನಡೀತು. ಹನ್ನೆರಡಕ್ಕೂ ಹೆಚ್ಚು ದೇಶ, ಸುಮಾರು 40 ಹಡಗು, ಅದರಲ್ಲಿ ಅಮೆರಿಕದವೂ ಇದ್ವು ಸೋವಿಯತ್ ಒಕ್ಕೂಟದವೂ ಇದ್ವು. ಅಲ್ಲಿಯವರೆಗೆ ಆ ಸಾಗರದ ಬಗ್ಗೆ ಗೊತ್ತಿದ್ದಿದ್ದೇ ಕಡಿಮೆ. ಆ ಅಭಿಯಾನದ ಬೆನ್ನಿಗೇ 1966ರಲ್ಲಿ ಭಾರತದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಹುಟ್ಟಿದ್ದು.

ನನಗೆ ಇಷ್ಟವಾದ ಉದಾಹರಣೆ ಆರ್ಕ್ಟಿಕ್‌ನದು. ಅಮೆರಿಕ ಮತ್ತು ಕೆನಡಾ ಮಧ್ಯೆ ಬೋಫೋರ್ಟ್ ಸಮುದ್ರದ ಗಡಿ ವಿಷಯದಲ್ಲಿ ಹಳೇ ತಕರಾರಿದೆ, ಆದ್ರೂ 2008ರಿಂದ 2011ರವರೆಗೆ ಬೇಸಿಗೆಯಲ್ಲಿ ಎರಡೂ ದೇಶದ ಐಸ್ ಬ್ರೇಕರ್‌ಗಳು, ಅಮೆರಿಕದ ಹೀಲಿ ಮತ್ತು ಕೆನಡಾದ ಲೂಯಿ ಸೇಂಟ್ ಲೊರಾನ್, ಒಂದು ಮುಂದೆ ಹಿಮ ಒಡೀತಾ ದಾರಿ ಮಾಡೋದು, ಹಿಂದಿನದು ಡೇಟಾ ತಗೊಳ್ಳೋದು, ಹೀಗೆ ಜೋಡಿಯಾಗಿ ಸರ್ವೆ ಮಾಡಿದ್ವು. ಎರಡಕ್ಕೂ ಅದೇ ಡೇಟಾ ಬೇಕಿತ್ತು, ತಮ್ಮ ಭೂಖಂಡದ ಅಂಚು 200 ಮೈಲಿ ದಾಟಿ ಎಲ್ಲಿವರೆಗೆ ಹೋಗುತ್ತೆ ಅಂತ ತೋರಿಸೋಕೆ. ಸ್ವಾರ್ಥ ಹೊಂದಿಕೆ ಆದ್ರೆ ಕೆಲಸ ಎಷ್ಟು ಸಲೀಸು ನೋಡಿ.

ಆರ್ಗೋ ಇನ್ನೊಂದು. ಸುಮಾರು 4000 ಫ್ಲೋಟ್‌ಗಳು, ಅಂದ್ರೆ ತಾವೇ ಮುಳುಗಿ ಏಳೋ ಅಳತೆ ಉಪಕರಣಗಳು, ಜಗತ್ತಿನ ಸಾಗರಗಳಲ್ಲಿ ತೇಲ್ತಾ ಇವೆ, 1000 ಮೀಟರ್ ಆಳದಲ್ಲಿ ಇದ್ದು, 10 ದಿನಕ್ಕೊಮ್ಮೆ 2000 ಮೀಟರ್‌ಗೆ ಇಳಿದು, ಅಲ್ಲಿಂದ ಮೇಲಕ್ಕೆ ಬರ್ತಾ ಉಷ್ಣತೆ ಮತ್ತು ಉಪ್ಪಿನಂಶ ಅಳೆದು ಸ್ಯಾಟಲೈಟ್‌ಗೆ ಕಳಿಸ್ತಾವೆ. ಯಾವ ದೇಶ ಬಿಟ್ಟ ಫ್ಲೋಟ್ ಆದ್ರೂ ಡೇಟಾ ಎಲ್ಲರಿಗೂ ಫ್ರೀ. ಸಾಗರ ಎಷ್ಟು ಬಿಸಿ ಆಗ್ತಿದೆ ಅಂತ ಇವತ್ತು ಧೈರ್ಯವಾಗಿ ಹೇಳೋಕೆ ಆಗ್ತಿರೋದರಲ್ಲಿ ಇದರ ಪಾಲು ತುಂಬಾ ದೊಡ್ಡದು.

ಸಹಕಾರ ಅಂದ್ರೆ ಶಾಶ್ವತ ಅಂತೇನಿಲ್ಲ. ಸಮುದ್ರ ತಳ ಕೊರೆದು ಮಣ್ಣಿನ ಪದರ ತೆಗೆಯೋ ಅಂತಾರಾಷ್ಟ್ರೀಯ ಯೋಜನೆ 1968ರಲ್ಲಿ ಗ್ಲೋಮರ್ ಚಾಲೆಂಜರ್ ಹಡಗಿಂದ ಶುರುವಾಗಿತ್ತು, ಭೂಖಂಡಗಳು ಸರಿಯುತ್ವೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಕೊಟ್ಟಿದ್ದೇ ಅದು. ನಂತರದ ಜಾಯ್ಡೀಸ್ ರೆಸಲ್ಯೂಷನ್ ಹಡಗಿನ ಕೊರೆಯೋ ಕೆಲಸ 2024ರಲ್ಲಿ ನಿಂತೋಯ್ತು, ಮುಖ್ಯ ಕಾರಣ ಖರ್ಚು.

ಎಂಎಚ್370 ವಿಮಾನ ಹುಡುಕೋವಾಗ ಮ್ಯಾಪ್ ಆಯ್ತಂತೆ ಹೌದಾ?

ಹೌದು. 2014ರಲ್ಲಿ ಮಲೇಷ್ಯಾದ ಈ ಪ್ರಯಾಣಿಕರ ವಿಮಾನ ಕಾಣೆಯಾದಾಗ ದಕ್ಷಿಣ ಹಿಂದೂ ಮಹಾಸಾಗರದ ಆ ಭಾಗಕ್ಕೆ ಸ್ಯಾಟಲೈಟ್ ಅಂದಾಜು ಬಿಟ್ರೆ ಹೆಚ್ಚೇನೂ ಇರಲಿಲ್ಲ. ತಳದ ಹತ್ರ ಉಪಕರಣ ಎಳ್ಕೊಂಡು ಹೋಗೋಕೆ ಮೊದಲು ಎಲ್ಲಿ ಗುಡ್ಡ ಇದೆ ಅಂತ ಗೊತ್ತಾಗಬೇಕಲ್ಲ, ಅದಕ್ಕೇ ಮಲ್ಟಿಬೀಮ್ ಸರ್ವೆ ಮಾಡಿದ್ರು, ಆಮೇಲೆ ಆಸ್ಟ್ರೇಲಿಯಾ, ಮಲೇಷ್ಯಾ, ಚೀನಾ ಸೇರಿ 1.2 ಲಕ್ಷ ಚದರ ಕಿಲೋಮೀಟರ್ ಜಾಲಾಡಿದ್ರು. ಆ ಜಾಗದಲ್ಲಿ ವಿಮಾನ ಸಿಗ್ಲಿಲ್ಲ. 2017ರಲ್ಲಿ ಆಸ್ಟ್ರೇಲಿಯಾ ಆ ತಳದ ಡೇಟಾ ಎಲ್ಲರಿಗೂ ಬಿಡುಗಡೆ ಮಾಡ್ತು. ಅಷ್ಟು ದೊಡ್ಡ ದುರಂತ ಆಗಿರದಿದ್ರೆ ಆ ಮೂಲೆಗೆ ಯಾರೂ ಅಷ್ಟು ದುಡ್ಡು ಸುರೀತಿರಲಿಲ್ಲ ಅನ್ನೋದು ಕಹಿ ಸತ್ಯ.

ಸಣ್ಣ ದೇಶಗಳಿಗೆ ಇದರಿಂದ ಏನು ಲಾಭ?

ಸುನಾಮಿ ಮುನ್ಸೂಚನೆ ಮೊದಲನೇದು. ಸುನಾಮಿ ಅಲೆಯ ವೇಗ ನಿಂತಿರೋದೇ ಆಳದ ಮೇಲೆ, 4000 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್, ದಡದ ಹತ್ರ ಬಂದ ಹಾಗೆ ನಿಧಾನ ಆಗಿ ಎತ್ತರ ಏಳುತ್ತೆ. ಆಳ ತಪ್ಪಿದ್ರೆ ಎಷ್ಟು ಹೊತ್ತಿಗೆ ಬರುತ್ತೆ, ಎಲ್ಲಿ ಜೋರಾಗಿ ಹೊಡೆಯುತ್ತೆ ಎರಡೂ ತಪ್ಪುತ್ತೆ. 2004ರ ಡಿಸೆಂಬರ್ 26ರಂದು 2 ಲಕ್ಷಕ್ಕೂ ಹೆಚ್ಚು ಜನ ಸತ್ತಾಗ ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ, ಐಒಸಿ ಮುಂದೆ ನಿಂತು ಕಟ್ಟಿಸ್ತು, 2011ರಿಂದ ಆಸ್ಟ್ರೇಲಿಯಾ, ಭಾರತ, ಇಂಡೋನೇಷ್ಯಾ ಇಡೀ ಪ್ರದೇಶಕ್ಕೆ ಸೂಚನೆ ಕೊಡ್ತಿವೆ.

ಟೋಂಗಾ ನೋಡಿ. 2022ರ ಜನವರಿ 15ಕ್ಕೆ ನೀರೊಳಗಿನ ಜ್ವಾಲಾಮುಖಿ ಸಿಡಿದು ಇಂಟರ್ನೆಟ್ ಕೇಬಲ್ ತುಂಡಾಗಿ ದೇಶವೇ ಹೊರಗಿನ ಸಂಪರ್ಕ ಕಳ್ಕೊಳ್ತು. ನ್ಯೂಜಿಲೆಂಡ್‌ನ ತಂಗರೋವಾ ಹಡಗು ಹೋಗಿ ಅಳೀತು, ಆಮೇಲೆ ಜನರೇ ಇಲ್ಲದ ಒಂದು ದೋಣಿಯನ್ನ ಜ್ವಾಲಾಮುಖಿಯ ಬಾಯಿಗೇ ಕಳಿಸಿದ್ರು, ಅದನ್ನ ಕಂಟ್ರೋಲ್ ಮಾಡ್ತಿದ್ದೋರು ಕೂತಿದ್ದು ಇಂಗ್ಲೆಂಡ್‌ನಲ್ಲಿ. ಬಾಯಿ ಮೊದಲಿಗಿಂತ ಸುಮಾರು 700 ಮೀಟರ್ ಆಳ ಆಗಿತ್ತು.

ಟ್ರೈನಿಂಗ್ ಕೂಡ ಇದೆ. 2004ರಿಂದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಿಪ್ಪಾನ್ ಫೌಂಡೇಷನ್ ದುಡ್ಡಲ್ಲಿ ಬೇರೆ ಬೇರೆ ದೇಶದವರಿಗೆ ಒಂದು ವರ್ಷದ ಕೋರ್ಸ್ ನಡೀತಿದೆ. ಅಲ್ಲಿ ಕಲಿತವರ ತಂಡ 2019ರಲ್ಲಿ ಶೆಲ್ ಓಷನ್ ಡಿಸ್ಕವರಿ ಎಕ್ಸ್‌ಪ್ರೈಜ್ ಸ್ಪರ್ಧೆಯ 40 ಲಕ್ಷ ಡಾಲರ್ ಮೊದಲ ಬಹುಮಾನ ಹೊಡ್ಕೊಳ್ತು. ನನಗೆ ಅನ್ಸೋದು, ಹಡಗು ದಾನ ಮಾಡೋದಕ್ಕಿಂತ ಇದು ಮೇಲು, ಯಾಕಂದ್ರೆ ಪರ್ಮಿಷನ್ ಕೊಡೋ ಆಫೀಸಲ್ಲಿ ವಿಷಯ ಗೊತ್ತಿರೋರು ಕೂತಿದ್ರೆ ಫೈಲ್ ಬೇಗ ಓಡುತ್ತೆ.

ಸಾಮಾನ್ಯ ದೋಣಿ, ಸರಕು ಹಡಗಿನೋರೂ ಡೇಟಾ ಕೊಡಬಹುದಾ?

ಕೊಡಬಹುದು. ಎಕೋ ಸೌಂಡರ್ ಮತ್ತು ಜಿಪಿಎಸ್ ಹೇಗೂ ಇರುತ್ತೆ, ಅವೆರಡಕ್ಕೂ ಒಂದು ಚಿಕ್ಕ ಲಾಗರ್ ಸಿಕ್ಕಿಸಿದ್ರೆ ಹೋದ ದಾರಿಯ ಆಳ ತಾನೇ ದಾಖಲಾಗುತ್ತೆ, ಅದನ್ನ ಐಎಚ್‌ಒ ಗುರುತಿಸಿದ ಸಂಸ್ಥೆಗಳ ಮೂಲಕ ಕಳಿಸಬಹುದು. ಸರ್ವೆ ಹಡಗಿನಷ್ಟು ನಿಖರ ಅಲ್ಲ, ಆದ್ರೆ ಏನೂ ಇಲ್ಲದ ಕಡೆ ಒಂದು ಗೆರೆ ಸಿಕ್ಕಿದ್ರೂ ದೊಡ್ಡದು. ಇಲ್ಲೂ ಅದೇ ಕಥೆ, ದೇಶದ ವಲಯದ ಒಳಗಿನ ಡೇಟಾ ಆದ್ರೆ ಆ ದೇಶ ಇದಕ್ಕೆ ಒಪ್ಪಿರಬೇಕು. ಕೆಲವು ಪೂರ್ತಿ ಒಪ್ಪಿವೆ, ಕೆಲವು ಷರತ್ತು ಹಾಕಿವೆ, ಉಳಿದವು ಉತ್ತರವನ್ನೇ ಕೊಟ್ಟಿಲ್ಲ.

ಸೋನಾರ್‌ನಿಂದ ತಿಮಿಂಗಿಲಗಳಿಗೆ ತೊಂದರೆ ಆಗಲ್ವಾ?

ತಿಮಿಂಗಿಲ ದಡಕ್ಕೆ ಬಂದು ಸಾಯೋ ಪ್ರಕರಣಗಳಲ್ಲಿ ಹೆಚ್ಚಾಗಿ ಹೆಸರು ಕೇಳಿಬಂದಿರೋದು ನೌಕಾಪಡೆಗಳ ಸೋನಾರ್ (ನೀರಲ್ಲಿ ಶಬ್ದ ಬಿಟ್ಟು ಹುಡುಕೋ ಉಪಕರಣ). ಹಾಗಂತ ಮ್ಯಾಪಿಂಗ್ ಸೋನಾರ್ ಪೂರ್ತಿ ನಿರಪರಾಧಿ ಅನ್ನೋ ಹಾಗಿಲ್ಲ. 2008ರಲ್ಲಿ ಮಡಗಾಸ್ಕರ್‌ನಲ್ಲಿ ಸುಮಾರು 100 ಮೆಲನ್ ಹೆಡೆಡ್ ತಿಮಿಂಗಿಲಗಳು ಹಿನ್ನೀರಿಗೆ ನುಗ್ಗಿ ಸಿಕ್ಕಾಕ್ಕೊಂಡ್ವು, ಹತ್ರದಲ್ಲಿ ಸರ್ವೆ ಹಡಗೊಂದು 12 ಕಿಲೋಹರ್ಟ್ಸ್ ಮಲ್ಟಿಬೀಮ್ ಓಡಿಸ್ತಿತ್ತು, 2013ರಲ್ಲಿ ಸ್ವತಂತ್ರ ತಜ್ಞರ ಸಮಿತಿ ಅದೇ ಕಾರಣ ಆಗಿರೋ ಸಾಧ್ಯತೆ ಹೆಚ್ಚು ಅಂತ ವರದಿ ಕೊಟ್ಟಿತು. ಯಾರಾದ್ರೂ ಏನೂ ಆಗಲ್ಲ ಬಿಡಿ ಅಂದ್ರೆ ನಂಬಬೇಡಿ.

ಸಮುದ್ರದೊಳಗಿನ ಬೆಟ್ಟಕ್ಕೆ ಹೆಸರಿಡೋರು ಯಾರು?

ಜೆಬ್ಕೋದ ಒಂದು ಉಪಸಮಿತಿ. ಪ್ರಸ್ತಾಪ ಯಾರು ಬೇಕಾದ್ರೂ ಕಳಿಸಬಹುದು, ಅಳತೆಯ ಪುರಾವೆ ಇರಬೇಕು. ಸುತ್ತಲಿನ ತಳದಿಂದ 1000 ಮೀಟರ್‌ಗಿಂತ ಎತ್ತರ ಇದ್ರೆ ಸೀಮೌಂಟ್. ಹಿಂದೂ ಮಹಾಸಾಗರದಲ್ಲಿ ಸಿ.ವಿ. ರಾಮನ್ ಹೆಸರಿನ ರಾಮನ್ ರಿಡ್ಜ್ (ಉದ್ದನೆಯ ಏಣು) ಇದೆ, 2024ರಲ್ಲಿ ಭಾರತ ಕಳಿಸಿದ ಅಶೋಕ ಸೀಮೌಂಟ್, ಚಂದ್ರಗುಪ್ತ ರಿಡ್ಜ್, ಕಲ್ಪತರು ರಿಡ್ಜ್ ಹೆಸರುಗಳೂ ಸೇರಿದ್ವು.

2030ಕ್ಕೆ ಮುಗಿಯುತ್ತಾ?

ಈ ವೇಗದಲ್ಲಿ ಇಲ್ಲ. 8 ವರ್ಷದಲ್ಲಿ ಶೇಕಡಾ 6ರಿಂದ 27 ಆದ್ರೆ ಉಳಿದ 73 ಐದೇ ವರ್ಷದಲ್ಲಿ ಆಗೋದು ಹೇಗೆ? ಜನರಿಲ್ಲದ ದೋಣಿಗಳು ಅಗ್ಗ ಆದ್ರೆ, ಮುಚ್ಚಿಟ್ಟಿರೋ ಡೇಟಾ ಹೊರಗೆ ಬಂದ್ರೆ ಗ್ರಾಫ್ ಜಿಗಿಯಬಹುದು. ಅದರಲ್ಲಿ ಎರಡನೇದು ನಾಳೆಯೇ ಆಗಬಹುದಾದ ಕೆಲಸ, ಹಡಗೂ ಬೇಡ ಡೀಸೆಲ್ಲೂ ಬೇಡ, ಸಹಿ ಸಾಕು.

ಮ್ಯಾಪ್ ನಾನೂ ಡೌನ್‌ಲೋಡ್ ಮಾಡ್ಕೊಂಡು ಬಳಸಬಹುದಾ?

ಧಾರಾಳವಾಗಿ. ಜೆಬ್ಕೋ ಗ್ರಿಡ್ ಪ್ರತಿ ವರ್ಷ ಹೊಸದಾಗಿ ಬರುತ್ತೆ, ಫ್ರೀ, ಚೌಕಗಳ ಅಂತರ ಸುಮಾರು 450 ಮೀಟರ್. ಅದರ ಜೊತೆ ಇನ್ನೊಂದು ಫೈಲ್ ಕೊಡ್ತಾರೆ, ಯಾವ ಚೌಕ ನಿಜವಾಗಿ ಅಳೆದಿದ್ದು ಯಾವುದು ಅಂದಾಜು ಅಂತ ಅದರಲ್ಲಿ ಇರುತ್ತೆ, ಬಹಳ ಜನ ಅದನ್ನ ತೆರೆಯೋದೇ ಇಲ್ಲ, ದಯವಿಟ್ಟು ತೆರೀರಿ. ಮ್ಯಾಪ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಅಲ್ಲಿ ಇದೆ ಅಂತಲ್ಲ: ಕೋರಲ್ ಸಮುದ್ರದಲ್ಲಿ ಸ್ಯಾಂಡಿ ದ್ವೀಪ ಅಂತ ನೂರಕ್ಕೂ ಹೆಚ್ಚು ವರ್ಷದಿಂದ ನಕ್ಷೆಗಳಲ್ಲಿತ್ತು, 2012ರಲ್ಲಿ ಆಸ್ಟ್ರೇಲಿಯಾದ ಸದರ್ನ್ ಸರ್ವೇಯರ್ ಹಡಗು ಹೋಗಿ ನೋಡಿದ್ರೆ ದ್ವೀಪದ ಸುಳಿವೇ ಇಲ್ಲ, ಸಾವಿರ ಮೀಟರ್‌ಗೂ ಹೆಚ್ಚು ಆಳದ ನೀರು. ಪ್ರಾಜೆಕ್ಟ್‌ಗೆ, ಪಾಠಕ್ಕೆ, ಮಾಡೆಲಿಂಗ್‌ಗೆ ಜೆಬ್ಕೋ ಬಳಸಿ. ದೋಣಿ ನಡೆಸೋಕೆ ಮಾತ್ರ ಬೇಡ, ಅದಕ್ಕೆ ಆಯಾ ದೇಶದ ಹೈಡ್ರೋಗ್ರಾಫಿಕ್ ಇಲಾಖೆಯ ಅಧಿಕೃತ ಚಾರ್ಟ್ ಇದೆ.